ಮಿಸ್ಸೇ "ಇವಳಿಗೆ ಗಣಿತ ಹತ್ತಲ್ಲ" ಅಂದ ಮೇಲೆ ಮಗು ಏನು ಮಾಡಬೇಕು?

ಇಬ್ಬರಮ್ಮ_ತುಮಕೂರು
ಎಲ್ಲರಿಗೂ ನಮಸ್ಕಾರ. ದೊಡ್ಡ ಮಗಳು ನಾಲ್ಕನೇ ಕ್ಲಾಸು. ಕಳೆದ ಶನಿವಾರ ಪೋಷಕರ ಸಭೆ ಇತ್ತು. ಮಿಸ್ಸು ಒಳ್ಳೆಯವರೇ. ಗದರಲ್ಲ, ಹೊಡೆಯಲ್ಲ. ನಗುನಗುತ್ತಾನೇ ಹೇಳಿದ್ರು: "ಹುಡುಗಿ ಜಾಣೆ ಮೇಡಂ, ಕನ್ನಡ, ಪರಿಸರ ಎಲ್ಲಾ ಚೆನ್ನಾಗಿದೆ. ಗಣಿತ ಮಾತ್ರ ತಲೆಗೆ ಹತ್ತಲ್ಲ. ಕೆಲವು ಹೆಣ್ಮಕ್ಕಳು ಹಾಗೇ, ನಾನೂ ಹಾಗೇ ಇದ್ದೆ ಬಿಡಿ." ಮಗಳು ಪಕ್ಕದಲ್ಲೇ ನಿಂತಿದ್ಲು.

ಈಗ ಲೆಕ್ಕದ ಪುಸ್ತಕ ತೆಗಿ ಅಂದ್ರೆ ಸಾಕು, "ನಂಗೆ ಹತ್ತಲ್ಲಮ್ಮ, ಮಿಸ್ಸೇ ಹೇಳಿದಾರಲ್ಲ" ಅಂತಾಳೆ. ನೋಟ್ಸ್ ತೆಗೆದು ನೋಡಿದೆ. ಕಳೆಯುವ ಲೆಕ್ಕ ಪೂರ್ತಿ ಕೆಂಪು. ಮೂರು ಇಲ್ಲಿ ಹಾಕ್ತೀನಿ:

52 − 27 = 35
61 − 38 = 37
403 − 128 = 325

ಪಕ್ಕದಲ್ಲಿ ತಪ್ಪು ಗುರುತು, ಕೆಳಗೆ "ಅಭ್ಯಾಸ ಸಾಲದು". ಅಷ್ಟೇ.

ನನ್ನ ಪ್ರಶ್ನೆ ಏನಂದ್ರೆ, ಟೀಚರ್ ಮನಸ್ಸಲ್ಲಿ ಮಗುವಿನ ಬಗ್ಗೆ ಏನು ಅಂದ್ಕೊಂಡಿದಾರೆ ಅನ್ನೋದು ನಿಜವಾಗಲೂ ಅಷ್ಟು ತಟ್ಟುತ್ತಾ, ಅಥವಾ ನಾನೇ ಅತಿಯಾಗಿ ಆಡ್ತಿದೀನಾ? ಸೆಕ್ಷನ್ ಬದಲಾಯಿಸಿ ಅಂತ ಕೇಳಲಾ?

ಗಡಿನಾಡು
ಶಾಲೆನೇ ಬದಲಾಯಿಸಿ. ಇದರಲ್ಲಿ ಕೇಳೋದೇನಿದೆ?

ಹುಬ್ಬಳ್ಳಿ_ಮಂದಿ
ಶಾಲಿ ಬದಲಾಯಿಸಿದ್ರ ಅಲ್ಲೇನು ಆರ್ಯಭಟ ಕುಂತಾನೇನ್ರಿ? ಅಕ್ಕಾರ, ಒಂದು ಮಾತಿಗೆ ಇಷ್ಟು ತಲಿ ಕೆಡಿಸ್ಕೋಬ್ಯಾಡ್ರಿ. ನಮ್ಮ ಮಾಸ್ತರು ದಿನಾ "ಕತ್ತಿ" ಅಂತಿದ್ರು. ಕತ್ತಿ ಆದ್ವೇನು? ಈಗ ಬ್ಯಾಂಕಿನ್ಯಾಗ ಕೂತೇನಿ, ದಿನಾ ಲೆಕ್ಕಾನ ನಂದು ಕೆಲಸ. ಹುಡುಗರು ಎರಡು ದಿನಕ್ಕ ಮರೀತಾವ.

ಅಂಕಿ_ಅಂಶ
ಮರೆಯೋದಿಲ್ಲ ಅನ್ನೋದಕ್ಕೆ ಆಧಾರ ಇದೆ, ಅದೂ ಈ ಪ್ರಸಂಗಕ್ಕೆ ಹೇಳಿ ಮಾಡಿಸಿದ ಹಾಗೆ.

2010ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಮತ್ತು ಎರಡನೇ ತರಗತಿಯ 17 ಶಿಕ್ಷಕಿಯರು, ಅವರ ಕ್ಲಾಸಿನ ಮಕ್ಕಳು. ಆ ಶಿಕ್ಷಕಿಯರಿಗೆ ಗಣಿತ ಅಂದರೆ ಎಷ್ಟು ಭಯ ಅಂತ ಅಳೆದರು. ವರ್ಷದ ಆರಂಭದಲ್ಲಿ ಟೀಚರ ಭಯಕ್ಕೂ ಮಕ್ಕಳ ಅಂಕಕ್ಕೂ ನಂಟೇ ಇರಲಿಲ್ಲ. ವರ್ಷದ ಕೊನೆಗೆ, ಟೀಚರಿಗೆ ಭಯ ಹೆಚ್ಚಿದ್ದ ಕ್ಲಾಸುಗಳಲ್ಲಿ "ಗಂಡುಮಕ್ಕಳಿಗೆ ಲೆಕ್ಕ, ಹೆಣ್ಮಕ್ಕಳಿಗೆ ಓದು" ಅಂತ ನಂಬಿದ ಹುಡುಗಿಯರು ಜಾಸ್ತಿಯಾಗಿದ್ದರು. ಹಾಗೆ ನಂಬಿದವರ ಗಣಿತವೂ ಕೆಳಗಿಳಿದಿತ್ತು. ಹುಡುಗರ ಮೇಲೆ ಆ ಪರಿಣಾಮ ಕಾಣಲಿಲ್ಲ.

"ನಾನೂ ಹಾಗೇ ಇದ್ದೆ ಬಿಡಿ" ಅನ್ನೋ ಮಾತು ಮಗುವಿಗೆ ಸಮಾಧಾನ ಹೇಳಿದ ಹಾಗೆ ಕೇಳಿಸುತ್ತೆ. ಅದೇ ಅದರ ಅಪಾಯ.

ಕುಡ್ಲದ_ಕೂಸು
17 ಟೀಚರ್‌ಗಳಾ ಮಾರ್ರೆ? ನಮ್ಮ ಒಂದು ಶಾಲೆಯಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದಾರೆ.

ಅಂಕಿ_ಅಂಶ
ಸಣ್ಣ ಅಧ್ಯಯನವೇ, ಒಪ್ಪಿದೆ. ಆದರೆ ಒಂಟಿಯಲ್ಲ. ಟರ್ಕಿಯಲ್ಲಿ ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಟೀಚರ್ ಅದೇ ಮಕ್ಕಳ ಜೊತೆ ಹಲವು ವರ್ಷ ಇರ್ತಾರೆ. ಅಲ್ಲಿ ನೋಡಿದಾಗ, "ಹೆಣ್ಣಿನ ಕೆಲಸ ಇದು, ಗಂಡಿನದು ಅದು" ಅಂತ ನಂಬಿರುವ ಟೀಚರ ಕೈಯಲ್ಲಿ ಹೆಚ್ಚು ಕಾಲ ಕಲಿತ ಹುಡುಗಿಯರು ಹಿಂದೆ ಬಿದ್ದಿದ್ದರು. 2018ರಲ್ಲಿ ಬಂತು ಆ ಅಧ್ಯಯನ.

ಮೈಸೂರು_ಮಲ್ಲಿಗೆ
ಡಿ.ಎಡ್ (ಪ್ರೈಮರಿ ಶಿಕ್ಷಕರ ತರಬೇತಿ) ಓದುವಾಗ ಇದಕ್ಕೊಂದು ದೊಡ್ಡ ಪ್ರಯೋಗ ಹೇಳ್ಕೊಟ್ಟಿದ್ರು. ಯಾವುದೋ ಶಾಲೆಗೆ ಹೋಗಿ "ಈ ಮಕ್ಕಳು ಈ ವರ್ಷ ಅರಳ್ತಾರೆ" ಅಂತ ಟೀಚರ್‌ಗಳಿಗೆ ಸುಮ್ಮನೆ ಸುಳ್ಳು ಪಟ್ಟಿ ಕೊಟ್ಟರಂತೆ, ವರ್ಷದ ಕೊನೆಗೆ ಆ ಮಕ್ಕಳೆಲ್ಲ ನಿಜವಾಗಲೂ ಬುದ್ಧಿವಂತರಾದರಂತೆ. ಟೀಚರ್ ನಂಬಿದರೆ ಯಾವ ಮಗು ಬೇಕಾದರೂ ಏನು ಬೇಕಾದರೂ ಆಗಬಹುದು ಅಂತ ಅಲ್ವಾ ಇದರ ಅರ್ಥ?

ಲೆಕ್ಕದ_ಹುಚ್ಚ
ಅಲ್ಲ. ಈ ಪ್ರಯೋಗವನ್ನ ಎಲ್ಲರೂ ಅರ್ಧ ಹೇಳಿ ನಿಲ್ಲಿಸ್ತಾರೆ. ರೋಸೆಂಥಾಲ್ ಮತ್ತು ಜೇಕಬ್ಸನ್ ಅನ್ನುವವರು 1968ರಲ್ಲಿ ಪ್ರಕಟಿಸಿದ್ದು, ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆ. ಕಣ್ಣುಮುಚ್ಚಿ ಆರಿಸಿದ ಸುಮಾರು ಐದನೇ ಒಂದು ಭಾಗ ಮಕ್ಕಳ ಹೆಸರು ಕೊಟ್ಟದ್ದು ನಿಜ. ಆದರೆ ಎದ್ದು ಕಾಣುವ ಏರಿಕೆ ಬಂದದ್ದು ಒಂದು ಮತ್ತು ಎರಡನೇ ಕ್ಲಾಸಿನಲ್ಲಿ ಮಾತ್ರ. ಮೇಲಿನ ಕ್ಲಾಸುಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದೇ ವರ್ಷ ಥಾರ್ನ್‌ಡೈಕ್ ಅನ್ನುವ ಮನೋವಿಜ್ಞಾನಿ ಈ ಇಬ್ಬರ ಅಳತೆಯ ವಿಧಾನವನ್ನೇ ಹಿಗ್ಗಾಮುಗ್ಗಾ ಟೀಕಿಸಿದರು.

ಆಮೇಲೆ 1984ರಲ್ಲಿ ರೌಡನ್‌ಬುಷ್ ಅನ್ನುವವರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಟೀಚರಿಗೆ ಮಗುವಿನ ಪರಿಚಯ ಆಗಿ ಎರಡು ವಾರ ಕಳೆದಿದ್ದರೆ ಸುಳ್ಳು ಪಟ್ಟಿ ಕೆಲಸ ಮಾಡೋದಿಲ್ಲ. ಅಷ್ಟರಲ್ಲಿ ಅವರೇ ಒಂದು ತೀರ್ಮಾನಕ್ಕೆ ಬಂದಿರ್ತಾರೆ.

ಗಡಿನಾಡು
ಎರಡೇ ವಾರಕ್ಕೆ ಮಗು ಎಂಥದ್ದು ಅಂತ ತೀರ್ಮಾನ! ನಾವು ಒಂದು ಮಿಕ್ಸಿ ಕೊಳ್ಳೋಕೂ ಅದಕ್ಕಿಂತ ಜಾಸ್ತಿ ಯೋಚನೆ ಮಾಡ್ತೀವಿ.

ಸರ್ಕಾರಿ_ಟೀಚರ್
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು-ಐದಕ್ಕೆ ಪಾಠ ಮಾಡ್ತೀನಿ. ಸುಮ್ಮನೆ ಓದ್ತಾ ಇದ್ದೆ, ಆ ಮೂರು ಲೆಕ್ಕ ನೋಡಿ ಬರೀಲೇಬೇಕು ಅನ್ನಿಸ್ತು.

ಇಬ್ಬರಮ್ಮ ಅವರೇ, ನಿಮ್ಮ ಮಗಳು ಮೂರರಲ್ಲೂ ಒಂದೇ ಕೆಲಸ ಮಾಡಿದಾಳೆ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನ ಕಳೆದಿದಾಳೆ. 52ರಲ್ಲಿ ಬಿಡಿ ಸ್ಥಾನ 2, ಕೆಳಗೆ 7. "ಎರಡರಲ್ಲಿ ಏಳು ಹೋಗಲ್ಲ" ಅಂತ ಯಾರೋ ಹೇಳಿರ್ತಾರೆ. ಅದಕ್ಕೇ ತಿರುಗಿಸಿ ಏಳರಲ್ಲಿ ಎರಡು ಕಳೆದು 5 ಬರೆದಳು. 403ರಲ್ಲೂ ಅದೇ: 8ರಲ್ಲಿ 3, 2ರಲ್ಲಿ 0, 4ರಲ್ಲಿ 1. ಒಂದು ಕಡೆನೂ ನಿಯಮ ತಪ್ಪಿಲ್ಲ. ನಿಯಮವೇ ತಪ್ಪು, ಅಷ್ಟೇ. ಮಕ್ಕಳು ಕಳೆಯುವಾಗ ಇಂಥ ತಪ್ಪು ನಿಯಮಗಳನ್ನ ಹೇಗೆ ಕಟ್ಟಿಕೊಳ್ತಾರೆ ಅಂತ 1978ರಲ್ಲೇ ಬ್ರೌನ್ ಮತ್ತು ಬರ್ಟನ್ ಅನ್ನೋವರು ಪಟ್ಟಿ ಮಾಡಿಟ್ಟಿದಾರೆ. ನಿಮ್ಮ ಮಗಳದ್ದು ಅದರಲ್ಲಿ ತುಂಬಾ ಸಾಮಾನ್ಯವಾದವುಗಳಲ್ಲಿ ಒಂದು.

"ಅಭ್ಯಾಸ ಸಾಲದು" ಅಂತ ಬರೆದಿದಾರಲ್ಲ, ಅಭ್ಯಾಸ ಜಾಸ್ತಿ ಮಾಡಿಸಿದ್ರೆ ಇದೇ ತಪ್ಪು ಇನ್ನೂ ಗಟ್ಟಿಯಾಗುತ್ತೆ.

ಇನ್ನೊಂದು ಮಾತು. ಇಲ್ಲಿ ಎಲ್ಲರೂ ನಂಬಿಕೆ ಬೇರೆ, ತಿಳಿವಳಿಕೆ ಬೇರೆ ಅನ್ನೋ ಹಾಗೆ ಮಾತಾಡ್ತಿದೀರಿ. ನಮ್ಮ ಸ್ಟಾಫ್ ರೂಮಲ್ಲಿ ಕೂತು ನೋಡಿ. ಮಗು ಯಾಕೆ 35 ಅಂತ ಬರೀತು ಅನ್ನೋದು ಟೀಚರಿಗೆ ಗೊತ್ತಾಗದೇ ಇದ್ರೆ ಉಳಿಯೋ ವಿವರಣೆ ಒಂದೇ: "ಇದಕ್ಕೆ ಹತ್ತಲ್ಲ." ಗೊತ್ತಾದ್ರೆ ಆ ಮಾತು ಬಾಯಿಗೇ ಬರಲ್ಲ, ಯಾಕಂದ್ರೆ ಎದುರಿಗೆ ಮಾಡೋಕೆ ಒಂದು ಕೆಲಸ ಕಾಣಿಸ್ತಿರುತ್ತೆ.

ಇಬ್ಬರಮ್ಮ_ತುಮಕೂರು
ಮೇಡಂ, ನಾನು ಎಷ್ಟು ಸಲ ನೋಡಿದ್ರೂ ಇದು ಕಾಣಿಸಲೇ ಇಲ್ಲ! ಈಗ ಮನೇಲಿ ಹೇಗೆ ಹೇಳಿಕೊಡಲಿ? ನಾವು ಕಲಿತದ್ದು "ಪಕ್ಕದ ಮನೆಯಿಂದ ಸಾಲ ತಗೋ" ಅಂತ.

ಸರ್ಕಾರಿ_ಟೀಚರ್
ಸಾಲದ ಮಾತು ಸದ್ಯಕ್ಕೆ ಬೇಡ. ಸಾಲ ಅಂದ್ರೆ ವಾಪಸ್ ಕೊಡಬೇಕಲ್ಲ, ಯಾವಾಗ ಕೊಡೋದು ಅಂತ ನನ್ನ ಕ್ಲಾಸಲ್ಲಿ ಒಬ್ಬ ಕೇಳಿದ್ದ. ಪೊರಕೆ ಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. 52 ಅಂದ್ರೆ 5 ಕಟ್ಟು, 2 ಬಿಡಿ. "27 ಕಡ್ಡಿ ಕೊಡು" ಅನ್ನಿ. ಬಿಡಿ ಎರಡೇ ಇದೆ, ಏಳು ಕೊಡಬೇಕು. ಏನು ಮಾಡೋದು ಅಂತ ನೀವು ಹೇಳಬೇಡಿ, ಸುಮ್ಮನೆ ಕೂತಿರಿ. ಒಂದು ಕಟ್ಟು ಬಿಚ್ಚೋದು ಅವಳಿಗೇ ಹೊಳೆಯುತ್ತೆ. ಈಗ 4 ಕಟ್ಟು, 12 ಬಿಡಿ. 2 ಕಟ್ಟು 7 ಬಿಡಿ ಕೊಟ್ಟ ಮೇಲೆ ಉಳಿದದ್ದು 25. ಆಮೇಲೆ ಅದನ್ನೇ ಪುಸ್ತಕದಲ್ಲಿ ಬರೆಸಿ.

403ಕ್ಕೆ ಈಗಲೇ ಹೋಗಬೇಡಿ. ನಡುವೆ ಸೊನ್ನೆ ಇರೋದು ಎಲ್ಲಕ್ಕಿಂತ ಕಷ್ಟ. ಅಲ್ಲಿ ಮೊದಲು ನೂರನ್ನ ಬಿಚ್ಚಿ ಹತ್ತು ದಶಕ (ಹತ್ತರ ಕಟ್ಟು) ಮಾಡಬೇಕು, ಆಮೇಲೆ ಅದರಲ್ಲಿ ಒಂದು ದಶಕ ಬಿಚ್ಚಬೇಕು. 3 ನೂರು, 9 ದಶಕ, 13 ಬಿಡಿ. ದೊಡ್ಡವರೇ ಎಷ್ಟೋ ಜನ ಆ 9 ಎಲ್ಲಿಂದ ಬಂತು ಅಂತ ಹೇಳಲಾರರು.

ಹುಬ್ಬಳ್ಳಿ_ಮಂದಿ
ಇದು ಚಲೋ ಐತಿ. ಆದ್ರ ಅರವತ್ತು ಹುಡುಗರ ಕ್ಲಾಸಿನ್ಯಾಗ ಒಬ್ಬೊಬ್ಬರಿಗೆ ಪೊರಕಿ ಕಡ್ಡಿ ಕೊಟ್ಟು ಕುಂದ್ರಿಸಾಕ ಯಾರಿಗೆ ಟೈಮ್ ಐತ್ರಿ?

ಸರ್ಕಾರಿ_ಟೀಚರ್
ಟೈಮ್ ಇಲ್ಲ ಅನ್ನೋದು ನಿಜ. ಬೆಳಿಗ್ಗೆ ಹಾಲು, ಮೊಟ್ಟೆ ಲೆಕ್ಕ, ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ಎಂಟ್ರಿ, ಆಮೇಲೆ ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಸಮೀಕ್ಷೆ. ಪಾಠ ಮಾಡೋಕೆ ಉಳಿಯೋದು ಎಷ್ಟು ಅಂತ ನನ್ನ ಕೇಳಬೇಡಿ. ಆದ್ರೂ ಕೆಂಪು ಪೆನ್ನಲ್ಲಿ ತಪ್ಪು ಹಾಕೋಕೆ ಹಿಡಿಯೋ ಟೈಮಲ್ಲೇ ತಪ್ಪು ಯಾವ ಥರದ್ದು ಅಂತ ನೋಡಬಹುದು, ನೋಡೋದು ಗೊತ್ತಿದ್ರೆ. ಕಷ್ಟ ಇರೋದು ಅಲ್ಲಿ. ನಮ್ಮಲ್ಲಿ ಬಹಳ ಜನ ಎಸ್‌ಎಸ್‌ಎಲ್‌ಸಿ ಆದ ಮೇಲೆ ಗಣಿತದ ಕೈ ಬಿಟ್ಟವರು. ಪಿಯುಸಿ ಆರ್ಟ್ಸ್, ಆಮೇಲೆ ಡಿ.ಎಡ್. ಅವರಿಗೆ ಐದನೇ ಕ್ಲಾಸಿನ ಭಿನ್ನರಾಶಿ ಕೊಟ್ಟು "ಕಲಿಸಿ" ಅಂದ್ರೆ, ಅವರಿಗೆ ಕಲಿಸಿದ ಹಾಗೇ ಅವರೂ ಕಲಿಸ್ತಾರೆ.

ಗಡಿನಾಡು
ಅದಕ್ಕೇ ಪ್ರೈಮರಿಗೂ ಬಿ.ಎಡ್ ಆದವರನ್ನ ತಗೋಬೇಕು ಅನ್ನೋದು. ಡಿಗ್ರಿ ಇದ್ರೆ ತಾನಾಗೇ ಸರಿಹೋಗುತ್ತೆ.

ಮೈಸೂರು_ಮಲ್ಲಿಗೆ
ಬಂದ್ರು ನೋಡಿ! 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಪ್ರಾಥಮಿಕ ಹಂತಕ್ಕೆ ಬಿ.ಎಡ್ ಅರ್ಹತೆ ಅಲ್ಲ ಅಂತ. ಶಿಕ್ಷಕರ ಅರ್ಹತೆ ನಿಗದಿ ಮಾಡೋ ಎನ್‌ಸಿಟಿಇ 2018ರಲ್ಲಿ ಬಿ.ಎಡ್‌ನವರಿಗೂ ಅವಕಾಶ ಕೊಟ್ಟು ಹೊರಡಿಸಿದ್ದ ಅಧಿಸೂಚನೆ ಬಿದ್ದುಹೋಯ್ತು. ಚಿಕ್ಕ ಮಕ್ಕಳಿಗೆ ಕಲಿಸೋ ತರಬೇತಿ ಇರೋದು ಡಿ.ಎಡ್‌ನಲ್ಲಿ ಕಣ್ರೀ. ಬಿ.ಎಡ್ ಹೈಸ್ಕೂಲಿಗೆ.

ಗಡಿನಾಡು
ಕೋರ್ಟು ಹೇಳಿದ್ದು ಕಾನೂನು. ನಾನು ಹೇಳ್ತಿರೋದು ಗಣಿತ ಗೊತ್ತಿರೋ ವಿಚಾರ.

ಲೆಕ್ಕದ_ಹುಚ್ಚ
ಡಿಗ್ರಿಗೂ ಗಣಿತ ಗೊತ್ತಿರೋದಕ್ಕೂ ಸಂಬಂಧ ಅಷ್ಟು ಸಲೀಸಲ್ಲ. ಲಿಪಿಂಗ್ ಮಾ ಅನ್ನುವವರು 1999ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರು. ಅಮೆರಿಕದವರೆಲ್ಲ ಪದವೀಧರರು. ಚೀನಾದ ಹೆಚ್ಚಿನವರು ಒಂಬತ್ತನೇ ತರಗತಿ ಮುಗಿಸಿ ಎರಡು-ಮೂರು ವರ್ಷ ಶಿಕ್ಷಕರ ತರಬೇತಿ ಶಾಲೆಗೆ ಹೋದವರು, ಹೆಚ್ಚೂಕಡಿಮೆ ನಮ್ಮ ಹಳೇ ಟಿಸಿಎಚ್ ಶಿಕ್ಷಕರ ತರಬೇತಿ ಥರ.

ಪ್ರಶ್ನೆ: 1¾ ÷ ½ ಎಷ್ಟು? ಅದಕ್ಕೆ ಹೊಂದುವ ಒಂದು ಕಥೆ ಲೆಕ್ಕ ಹೇಳಿ.

ಅಮೆರಿಕದವರಲ್ಲಿ 21 ಜನ ಲೆಕ್ಕ ಮಾಡೋಕೆ ಕೂತರು, ಪೂರ್ತಿ ಸರಿ ಉತ್ತರ ತಂದವರು 9. ಚೀನಾದ 72 ಜನರದ್ದೂ ಸರಿ. ಕಥೆ ಲೆಕ್ಕದಲ್ಲಂತೂ ಅಮೆರಿಕದ ಒಬ್ಬರದ್ದು ಮಾತ್ರ ಲೆಕ್ಕಕ್ಕೆ ಹೊಂದುತ್ತಿತ್ತು.

ಈಗ ಗೂಗಲ್ ಮಾಡದೆ ನೀವು ಒಂದು ಕಥೆ ಹೇಳಿ ನೋಡೋಣ.

ಹುಬ್ಬಳ್ಳಿ_ಮಂದಿ
ಇದರಾಗೇನೈತ್ರಿ. ಒಂದೂಮುಕ್ಕಾಲು ರೊಟ್ಟಿ ಅದಾವ. ಇಬ್ಬರು ಅರ್ಧರ್ಧ ಹಂಚ್ಕೊಂಡ್ರ ಒಬ್ಬರಿಗೆ ಎಷ್ಟು?

ಲೆಕ್ಕದ_ಹುಚ್ಚ
ಅದು ಎರಡರಿಂದ ಭಾಗಿಸಿದ್ದು ಸಾರ್. ಉತ್ತರ 7/8. ನಾನು ಕೇಳಿದ್ದು ಅರ್ಧದಿಂದ ಭಾಗಿಸೋಕೆ. ಅಮೆರಿಕದ ಟೀಚರುಗಳಲ್ಲೂ ತುಂಬಾ ಜನ ಇದೇ ಕಥೆ ಹೇಳಿದ್ದು, ರೊಟ್ಟಿ ಬದಲು ಪಿಜ್ಜಾ, ಪೈ ಅಂತೆಲ್ಲ.

ಕುಡ್ಲದ_ಕೂಸು
ಒಂದೂ ಮುಕ್ಕಾಲು ಲೀಟರ್ ಹಾಲು ಉಂಟು. ಅರ್ಧ ಲೀಟರಿನ ಬಾಟ್ಲಿಗೆ ತುಂಬಿಸ್ಬೇಕು. ಎಷ್ಟು ಬಾಟ್ಲಿ? ಮೂರು ತುಂಬ್ತದೆ, ನಾಲ್ಕನೆಯದು ಅರ್ಧ. ಮೂರೂವರೆ.

ಹುಬ್ಬಳ್ಳಿ_ಮಂದಿ
ಆದ್ರ ಭಾಗಿಸಿದ್ರ ಸಣ್ಣದಾಗಬೇಕಲ್ರಿ? ಒಂದೂಮುಕ್ಕಾಲು ಹೋಗಿ ಮೂರೂವರಿ ಹೆಂಗಾತು?

ಸರ್ಕಾರಿ_ಟೀಚರ್
ಸಾರ್, ನೀವೀಗ ಕೇಳಿದ್ದೇ ಪ್ರಶ್ನೆಯನ್ನ ಪ್ರತಿ ವರ್ಷ ಐದನೇ ಕ್ಲಾಸಲ್ಲಿ ಒಬ್ಬರಾದ್ರೂ ಕೇಳ್ತಾರೆ. ಕೇಳಿದ ಮಗುಗೆ "ಭಾಜಕ ತಲೆಕೆಳಗು ಮಾಡಿ ಗುಣಿಸು, ಅಷ್ಟೇ, ಕೂತ್ಕೊ" ಅಂದುಬಿಟ್ರೆ ಅದು ಮುಂದೆ ಕೇಳಲ್ಲ. ಟೀಚರ್ ಬೇಕಂತ ಬಾಯಿ ಮುಚ್ಚಿಸಲ್ಲ. ಬಾಟ್ಲಿ ಕಥೆ ಅವರಿಗೂ ಯಾರೂ ಹೇಳಿರಲ್ಲ.

ನಿವೃತ್ತ_ಮೇಷ್ಟ್ರು
ಮೂವತ್ತು ವರ್ಷಕ್ಕೂ ಮೀರಿ ಪ್ರಾಥಮಿಕ ಶಾಲೆಯಲ್ಲಿ ದುಡಿದವನು. ನೀವೆಲ್ಲ ಟೀಚರ ತಲೆ ಮೇಲೆ ಕೂತಿದ್ದೀರಿ, ಸ್ವಲ್ಪ ಕೆಳಗಿಳಿದು ಕೇಳಿ.

ಶಿಕ್ಷಕ ಏನು ನಂಬುತ್ತಾನೆ ಅನ್ನೋದನ್ನು ಸುತ್ತೋಲೆ ಬದಲಾಯಿಸುವುದಿಲ್ಲ. ಚಿಕ್ಕ ಮಕ್ಕಳಿಗೆ ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿಯ ಕಥೆಯೇ ತಗೊಳ್ಳಿ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿ ಬಂದರು. ಯುನಿಸೆಫ್ ನೆರವಿತ್ತು. ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಕಲಿಕಾ ಏಣಿ ಮಾಡಿದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ, ಹಿಂದೆ ಬಿದ್ದವನು ದಡ್ಡನಲ್ಲ, ಇನ್ನೂ ಆ ಮೆಟ್ಟಿಲಲ್ಲಿದ್ದಾನೆ ಅಷ್ಟೇ ಅನ್ನುವುದು ಅದರ ಜೀವ. ಆ ಕೋಣೆಗಳಲ್ಲಿ ನಾನು ಕಂಡದ್ದು ನಿಜವಾದ ಸಂತೋಷ.

2009-10ರಲ್ಲಿ ಅದನ್ನೇ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ತಂದರು. ಕಾರ್ಡು ಬಂತು, ತಟ್ಟೆ ಬಂತು, ಗೋಡೆಗೆ ಚಪ್ಪರ ಕಟ್ಟಿದ್ದೂ ಆಯಿತು. "ಎಲ್ಲರೂ ಒಂದೇ ದಿನ ಒಂದೇ ಪಾಠ ಕಲಿಯಬೇಕು" ಅನ್ನುವ ನಂಬಿಕೆ ಮಾತ್ರ ನಮ್ಮ ತಲೆಯಲ್ಲಿ ಹಾಗೇ ಇತ್ತು. ನಮ್ಮ ವಲಯದಲ್ಲೇ ನೋಡಿದ್ದೇನೆ, ಸಿಆರ್‌ಪಿ (ಶಾಲೆಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಕಾರ್ಡು ಹರಡುತ್ತಿದ್ದರು, ಹೋದ ಮೇಲೆ ಬೋರ್ಡಿನ ಮೇಲೆ ಬರೆದು "ನಕಲು ಮಾಡ್ಕೊಳ್ಳಿ" ಅನ್ನುತ್ತಿದ್ದರು. ಪೋಷಕರೂ ಅಷ್ಟೇ, "ಮಕ್ಕಳು ಬರೀ ಆಟ ಆಡ್ತವೆ" ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಗಲಾಟೆ.

ಎಡಗೈ_ಬರಹ
ಮೇಷ್ಟ್ರೇ, ಸಂತೋಷದ ಮಾತಾಡ್ತೀರಿ, ನಿಮ್ಮ ಕಾಲದಲ್ಲೇ ಎಡಗೈಲಿ ಬರೆದಿದ್ದಕ್ಕೆ ನನ್ನ ಗೆಣ್ಣಿನ ಮೇಲೆ ರೂಲರ್ ಬಿದ್ದಿದ್ದು. "ಊಟದ ಕೈಯಲ್ಲೇ ಬರೀಬೇಕು." ಇವತ್ತಿಗೂ ಎರಡೂ ಕೈಲಿ ಕೆಟ್ಟದಾಗೇ ಬರೀತೀನಿ.

ನಿವೃತ್ತ_ಮೇಷ್ಟ್ರು
ದಂಡಂ ದಶಗುಣಂ ಅಂತ ನಂಬಿದ್ದ ಕಾಲ ಅಪ್ಪ. ಈಗ ಶಿಕ್ಷಣ ಹಕ್ಕು ಕಾಯ್ದೆ ಇದೆ, 17ನೇ ಕಲಮು, ಹೊಡೆಯುವ ಹಾಗೂ ಇಲ್ಲ, ಮಾನಸಿಕ ಹಿಂಸೆ ಕೊಡುವ ಹಾಗೂ ಇಲ್ಲ.

ಕುಡ್ಲದ_ಕೂಸು
ನನಗೆ ಪೆಟ್ಟು ಬಿದ್ದದ್ದು ಭಾಷೆಗೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ. ಒಂದನೇ ಕ್ಲಾಸಿನಲ್ಲಿ ನಾನು ಬಾಯಿ ಬಿಡದಿದ್ದದ್ದು ಗೊತ್ತಿಲ್ಲದೆ ಅಲ್ಲ, ಕನ್ನಡದಲ್ಲಿ ಹೇಳ್ಲಿಕ್ಕೆ ಬರ್ತಿರಲಿಲ್ಲ. ಟೀಚರ್ "ಮಂದ" ಅಂತ ಬರೆದಿಟ್ಟರು. ಎರಡನೇ ಕ್ಲಾಸಿಗೆ ಬಂದವರು ತುಳುವಿನಲ್ಲೇ ಕೇಳಿದ್ರು, ಪಟಪಟ ಹೇಳಿದೆ. ಅಷ್ಟೇ ಕಥೆ.

ಮೈಸೂರು_ಮಲ್ಲಿಗೆ
ನಮ್ ಕಡೆ ಹಕಾರ ಅಕಾರ. "ಹಾಲು" ಅನ್ನೋದನ್ನ "ಆಲು" ಅಂದ ಹುಡುಗನ್ನ ಇಡೀ ಕ್ಲಾಸ್ ಮುಂದೆ ನಿಲ್ಲಿಸಿ ಹತ್ತು ಸಲ ಹೇಳಿಸೋರು, ಎಲ್ರೂ ನಗೋರು. ಆಮೇಲೆ ಅವ್ನು ಗಟ್ಟಿಯಾಗಿ ಓದೋದನ್ನೇ ಬುಟ್ಬುಟ್ಟ.

ಕಲಬುರಗಿ_ಬಿಸಿಲು
ಭಾಷಿ ಮಾತಾಡಿದ್ರಿ, ಕೈ ಮಾತಾಡಿದ್ರಿ. ಇನ್ನೊಂದು ಯಾರೂ ಬಾಯಿಗೇ ತರವಲ್ರಿ. ನಮ್ಮ ಸಾಲ್ಯಾಗ ಪ್ರತಿ ವರ್ಷ ಜೂನ್‌ದಾಗ ಸ್ಕಾಲರ್‌ಶಿಪ್ ಫಾರ್ಮ್ ತುಂಬಾಕ "ಎಸ್ಸಿ-ಎಸ್ಟಿ ಹುಡುಗರು ಎದ್ದು ನಿಲ್ರಿ" ಅಂತಿದ್ರು. ಆಮೇಲೆ ಹತ್ತು ನಿಮಿಷಕ್ಕ ಮಗ್ಗಿ ಕೇಳೂದು. ಅವತ್ತು ನನಗ ಮಗ್ಗಿ ಬರ್ತಿದ್ದಿಲ್ಲ ನೋಡ್ರಿ. ಮನ್ಯಾಗ ಬರ್ತಿತ್ತು.

ಗಡಿನಾಡು
ಎಲ್ಲಾದಕ್ಕೂ ಜಾತಿ ತರಬೇಡಿ ಸಾರ್. ಫಾರ್ಮ್ ತುಂಬೋಕೆ ಕೇಳಲೇಬೇಕಲ್ಲ.

ಅಂಕಿ_ಅಂಶ
ಗಡಿನಾಡು ಅವರೇ, ಕಲಬುರಗಿಯವರು ಹೇಳಿದ್ದನ್ನೇ ಪ್ರಯೋಗ ಮಾಡಿ ನೋಡಿದಾರೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ, ಉತ್ತರ ಪ್ರದೇಶದ ಹಳ್ಳಿಗಳು, ಆರು-ಏಳನೇ ಕ್ಲಾಸಿನ 600ಕ್ಕೂ ಹೆಚ್ಚು ಹುಡುಗರು. ದಾರಿ ಹುಡುಕುವ ಒಗಟು ಬಿಡಿಸಬೇಕು, ಬಿಡಿಸಿದ್ದಕ್ಕೆ ದುಡ್ಡು. ಜಾತಿ ಹೇಳದೇ ಇದ್ದಾಗ ಮೇಲ್ಜಾತಿ, ಕೆಳಜಾತಿ ಹುಡುಗರ ನಡುವೆ ವ್ಯತ್ಯಾಸವೇ ಇರಲಿಲ್ಲ. ಎಲ್ಲರ ಮುಂದೆ ಜಾತಿ ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟು ಕಮ್ಮಿಯಾಯ್ತು. 2004ರಲ್ಲಿ ಮೊದಲು ಪ್ರಕಟ ಆಗಿದ್ದು. ಒಗಟು ಅದೇ. ಫಾರ್ಮನ್ನ ಸ್ಟಾಫ್ ರೂಮಲ್ಲಿ ಒಬ್ಬೊಬ್ಬರನ್ನೇ ಕರೆದು ತುಂಬಿಸೋಕೆ ಏನು ಖರ್ಚು?

ಕಲಬುರಗಿ_ಬಿಸಿಲು
ಖರ್ಚಿನ ಮಾತಲ್ರಿ ಅದು. ಮೇಲ್ಜಾತಿ ಮಾಸ್ತರಿಗೆ ಅದು ತಪ್ಪು ಅಂತ ಅನಿಸೂದೇ ಇಲ್ಲ.

ಅಂಕಿ_ಅಂಶ
ಇಲ್ಲಿ ಒಂದು ಗಂಟು ಇದೆ, ಕೇಳೋಕೆ ಇಬ್ಬರಿಗೂ ಹಿತ ಆಗಲಿಕ್ಕಿಲ್ಲ. ಹನ್ನಾ ಮತ್ತು ಲಿಂಡನ್ ಅನ್ನುವವರು ಭಾರತದಲ್ಲೇ ಒಂದು ಪರೀಕ್ಷೆ ನಡೆಸಿ, ಉತ್ತರ ಪತ್ರಿಕೆಗಳ ಮುಖಪುಟದಲ್ಲಿ ಮಗುವಿನ ಜಾತಿ, ಲಿಂಗ, ವಯಸ್ಸನ್ನ ಚೀಟಿ ಎತ್ತಿದ ಹಾಗೆ ಯಾವುದೋ ಒಂದು ಬರೆದು ಶಿಕ್ಷಕರಿಂದ ಮೌಲ್ಯಮಾಪನ ಮಾಡಿಸಿದರು. 2012ರಲ್ಲಿ ಪ್ರಕಟವಾಯ್ತು. ಕೆಳಜಾತಿ ಅಂತ ಬರೆದಿದ್ದ ಪತ್ರಿಕೆಗಳಿಗೆ ಸ್ವಲ್ಪ ಕಮ್ಮಿ ಅಂಕ ಬಿತ್ತು. ಆದರೆ ಹಾಗೆ ಕಮ್ಮಿ ಹಾಕಿದವರು ಹೆಚ್ಚಾಗಿ ಕೆಳಜಾತಿಯ ಶಿಕ್ಷಕರೇ. ಮೇಲ್ಜಾತಿಯವರಲ್ಲಿ ಆ ಭೇದ ಕಾಣಲಿಲ್ಲ.

ಗಡಿನಾಡು
ನೋಡಿದ್ರಾ!

ಕಲಬುರಗಿ_ಬಿಸಿಲು
ಏನ್ ನೋಡೂದು? ಕಾಗದದ ಮ್ಯಾಲ ಜಾತಿ ಬರದು ಯಾರೋ ಪರೀಕ್ಷಾ ಮಾಡಾಕತ್ತಾರ ಅಂದಾಗ ಎಲ್ಲಾರೂ ಹುಷಾರಾಗ್ತಾರ. ಅದೂ ಅಲ್ದ, "ನಮ್ಮವರಿಗೆ ಇಷ್ಟಾ ಬರತೈತಿ" ಅಂತ ನಮ್ಮವನ ತಲ್ಯಾಗೂ ತುಂಬ್ಯಾರಂದ್ರ ಅದು ನಿಮಗ ಗೆದ್ದಂಗ ಅನಸ್ತದೇನು? ಅವನೂ ಜೂನ್‌ದಾಗ ಎದ್ದು ನಿಂತಾವನ.

ನಿರ್ವಾಹಕ
ಇಬ್ಬರೂ ಇಲ್ಲಿಗೆ ನಿಲ್ಲಿಸಿ. ವಿಷಯ ಶಿಕ್ಷಕರದ್ದು, ಪರಸ್ಪರ ಕಾಲೆಳೆಯೋದಲ್ಲ. ಒಂದು ಕಾಮೆಂಟ್ ತೆಗೆದಿದೀನಿ.

ಗಡಿನಾಡು
ಯಾವಾಗಲೂ ನನ್ನ ಕಾಮೆಂಟೇ ತೆಗೀತೀರಿ.

ಮೈಸೂರು_ಮಲ್ಲಿಗೆ
ನನಗೊಂದು ಅರ್ಥ ಆಗ್ತಿಲ್ಲ. ಟೀಚರ್ ಮನಸ್ಸಲ್ಲಿ ಅಂದ್ಕೊಂಡಿದ್ದು ಬಾಯಿಬಿಟ್ಟು ಹೇಳದೇ ಇದ್ರೆ ಮಗುಗೆ ಹೇಗೆ ಮುಟ್ಟುತ್ತೆ? ಇಬ್ಬರಮ್ಮ ಅವರ ಮಿಸ್ಸು ಹೇಳಿಬಿಟ್ರು, ಸರಿ. ಹೇಳದವರು?

ಸರ್ಕಾರಿ_ಟೀಚರ್
ನಿಂತು ನೋಡಿದ್ರೆ ಸಾಕು. ಬರುತ್ತೆ ಅಂದ್ಕೊಂಡಿರೋ ಮಗುಗೆ ಪ್ರಶ್ನೆ ಕೇಳಿ ಕಾಯ್ತೀವಿ, ತಡವರಿಸಿದ್ರೆ ಸುಳಿವು ಕೊಡ್ತೀವಿ. ಬರಲ್ಲ ಅಂದ್ಕೊಂಡಿರೋ ಮಗುಗೆ ಕೇಳಿ ತಕ್ಷಣ "ನೀ ಹೇಳು" ಅಂತ ಪಕ್ಕದವನ ಕಡೆ ಹೋಗ್ತೀವಿ. ಅವಮಾನ ಆಗಬಾರ್ದು ಅನ್ನೋ ಕರುಣೆಯಿಂದಲೇ ಹೋಗ್ತೀವಿ! 1970ರಲ್ಲಿ ಬ್ರೋಫಿ ಮತ್ತು ಗುಡ್ ಅನ್ನೋವರು ಒಂದನೇ ಕ್ಲಾಸುಗಳಲ್ಲಿ ಕೂತು ಎಣಿಸಿದ್ದೂ ಇದನ್ನೇ. ಮೇರಿ ಬಡ್ ರೋ ಅನ್ನೋ ಇನ್ನೊಬ್ಬರು ಲೆಕ್ಕ ಹಾಕಿದಾಗ ಟೀಚರ್ ಪ್ರಶ್ನೆ ಕೇಳಿ ಕಾಯೋದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡು ಕಾದ್ರೆ ಉತ್ತರಗಳು ಉದ್ದ ಆದ್ವು, ಸುಮ್ಮನಿದ್ದ ಮಕ್ಕಳೂ ಬಾಯಿ ಬಿಟ್ರು.

ಮೂರು ಸೆಕೆಂಡು ಮನಸ್ಸಲ್ಲಿ ಎಣಿಸಿ ನೋಡಿ. ಕ್ಲಾಸಲ್ಲಿ ಅದು ಯುಗ.

ಲೆಕ್ಕದ_ಹುಚ್ಚ
ತಿಳಿವಳಿಕೆ ಕಡೆಗೂ ಒಂದು ಅಂಕಿ ಇರಲಿ. ಪೆರು ದೇಶದ ಆರನೇ ತರಗತಿ: ಒಬ್ಬರೇ ಟೀಚರ್ ಗಣಿತ, ಓದು ಎರಡನ್ನೂ ಕಲಿಸುವ ಕ್ಲಾಸುಗಳು. ಟೀಚರಿಗೂ ಪರೀಕ್ಷೆ, ಮಕ್ಕಳಿಗೂ ಪರೀಕ್ಷೆ. ಅದೇ ಟೀಚರ್, ಅದೇ ಮಗು, ಹಾಗಾಗಿ ಟೀಚರ ಸ್ವಭಾವ, ಮನೆ, ಬಡತನ ಎಲ್ಲ ಎರಡೂ ವಿಷಯಕ್ಕೆ ಸಮ. ಉಳಿಯೋದು ಯಾವ ವಿಷಯ ಟೀಚರಿಗೆ ಚೆನ್ನಾಗಿ ಗೊತ್ತು ಅನ್ನೋದು. ಗಣಿತದಲ್ಲಿ ಅದು ಮಕ್ಕಳ ಅಂಕವನ್ನ ಮೇಲೆತ್ತಿತ್ತು. ಓದಿನಲ್ಲಿ ಸ್ಪಷ್ಟವಾಗಿ ಹಾಗೆ ಹೇಳೋಕೆ ಆಗಲಿಲ್ಲ. 2012ರಲ್ಲಿ ಬಂದ ಅಧ್ಯಯನ.

ಇಬ್ಬರಮ್ಮ_ತುಮಕೂರು
ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ವಂದನೆ. ಮಿಸ್ಸಿಗೆ ಹೋಗಿ "ನಿಮಗೆ ಲೆಕ್ಕ ಗೊತ್ತಿಲ್ಲ" ಅನ್ನೋಕಾಗಲ್ಲ, ವರ್ಷ ಪೂರ್ತಿ ಮಗಳು ಅವರ ಕೈಲೇ ಇರಬೇಕು. ಏನಂತ ಹೇಳಲಿ?

ಸರ್ಕಾರಿ_ಟೀಚರ್
ಪುಸ್ತಕ ತಗೊಂಡು ಹೋಗಿ. "ಮಿಸ್, ಇವಳು ಎಲ್ಲ ಕಡೆ ದೊಡ್ಡದರಲ್ಲಿ ಚಿಕ್ಕದು ಕಳೀತಿದಾಳೆ, ಮನೇಲಿ ಕಡ್ಡಿ ಇಟ್ಟು ತೋರಿಸ್ತಿದೀನಿ, ನೀವೂ ಒಂದ್ಸಲ ನೋಡ್ತೀರಾ?" ಅನ್ನಿ. ದೂರು ಬೇಡ. ಬೇರೆ ಯಾವ್ಯಾವ ಮಕ್ಕಳು ಹೀಗೆ ಮಾಡ್ತಾರೆ ಅಂತ ಅವರೇ ನೋಡಿದ್ರೆ ಹತ್ತು ಜನ ಸಿಗ್ತಾರೆ, ಖಂಡಿತ. ಮತ್ತೆ, "ಅವಳ ಮುಂದೆ ಹತ್ತಲ್ಲ ಅನ್ನಬೇಡಿ" ಅನ್ನೋದನ್ನ ಬೇರೆಯಾಗಿ, ಮಗಳಿಲ್ಲದಾಗ ಕೇಳ್ಕೊಳ್ಳಿ.

ನಿವೃತ್ತ_ಮೇಷ್ಟ್ರು
ಇದು ಸರಿ. ಮುಖ್ಯೋಪಾಧ್ಯಾಯರ ಹತ್ತಿರ ಹೋದಿರೋ, ಆ ಶಿಕ್ಷಕಿ ಮೊದಲು ಮಾಡುವುದು ತನ್ನನ್ನು ಸಮರ್ಥಿಸಿಕೊಳ್ಳುವುದು. ಆಮೇಲೆ ಮಗು ನಿಜವಾಗಲೂ ದಡ್ಡಿ ಅಂತ ತೋರಿಸಲೇಬೇಕಾಗುತ್ತದೆ ಆಕೆಗೆ.

ಅಂಕಿ_ಅಂಶ
ಒಂದು ಮಾತು, ಬೇಜಾರು ಮಾಡ್ಕೋಬೇಡಿ. 2015ರಲ್ಲಿ ಬೈಲಾಕ್ ತಂಡದ್ದೇ ಇನ್ನೊಂದು ಅಧ್ಯಯನ ಬಂತು, ಈ ಸಲ ಅಪ್ಪ-ಅಮ್ಮಂದಿರ ಮೇಲೆ. ಗಣಿತಕ್ಕೆ ಹೆದರುವ ತಂದೆತಾಯಿ ಹೋಂವರ್ಕಿಗೆ ಪದೇಪದೇ ಕೂತು ಸಹಾಯ ಮಾಡಿದ ಮನೆಗಳಲ್ಲಿ ಮಕ್ಕಳು ಆ ವರ್ಷ ಕಲಿತದ್ದು ಕಮ್ಮಿ, ಮಕ್ಕಳಿಗೂ ಭಯ ಹತ್ತಿತು. ಅಂಥವರು ಅಷ್ಟಾಗಿ ಸಹಾಯಕ್ಕೆ ಕೂರದ ಮನೆಗಳಲ್ಲಿ ಹಾಗಾಗಲಿಲ್ಲ.

ಇಬ್ಬರಮ್ಮ_ತುಮಕೂರು
ಅಂದ್ರೆ ಈಗ ನಾನೂ ಹೇಳಿಕೊಡಬಾರದಾ? ಟೀಚರ್ ಬೇಡ, ಅಮ್ಮ ಬೇಡ, ಮತ್ಯಾರು ಹೇಳಿಕೊಡಬೇಕು ಸ್ವಾಮಿ? ಮತ್ತೆ, ಈ ಎಲ್ಲ ಅಧ್ಯಯನಗಳಲ್ಲೂ ಅಳೆಯೋದು ಮಿಸ್ಸನ್ನ, ಅಮ್ಮನ್ನ. ಅಪ್ಪಂದಿರು ಹೋಂವರ್ಕಿಗೆ ಕೂತ್ರೆ ಏನಾಗುತ್ತೆ ಅಂತ ಯಾರಾದ್ರೂ ನೋಡಿದಾರಾ? ಕೂತವರು ಸಿಕ್ಕಿದ್ರೆ ತಾನೆ.

ಹುಬ್ಬಳ್ಳಿ_ಮಂದಿ
ಅಕ್ಕಾರ, ಆ ಮಾತು ನನಗ ನೆಟ್ಟಗ ಬಂದು ಬಡೀತು. ನಮ್ಮ ಮನ್ಯಾಗೂ ಆಕಿನ ಕೂಡ್ರತಾಳ.

ಸರ್ಕಾರಿ_ಟೀಚರ್
ಕೂತ್ಕೊಳ್ಳಿ ಇಬ್ಬರಮ್ಮ ಅವರೇ, ಹೆದರ್ಕೊಂಡು ಬೇಡ ಅಷ್ಟೇ. ನನಗೆ ನಾಳೆ ಸಿಆರ್‌ಪಿ ಬರ್ತಾರೆ, ಪಾಠ ಯೋಜನೆ ಇನ್ನೂ ಬರೆದಿಲ್ಲ. ಭಾನುವಾರ ಸಿಕ್ತೀನಿ, ಭಾಗಾಕಾರ ಶುರುವಾಗಿದ್ರೆ ಅದರ ನೋಟ್ಸ್ ಫೋಟೋನೂ ಹಾಕಿ.